ಹೊಂಗೆ ಮರದ ತಿರುವಿನಲ್ಲಿ ಬಸ್ಸು ನಿಲ್ಲುವುದಿಲ್ಲ

ಪೆಟ್ರೋಲಿನ ವಾಸನೆ ಬೆರಳಿಗೆ ಹತ್ತಿದೆ, ಸೋಪು ಹಾಕಿ ತಿಕ್ಕಿದರೂ ಬಿಡುವ ವಾಸನೆಯಲ್ಲ, ಬೊಮ್ಮಪ್ಪ ಅಂಗಳದಲ್ಲಿ ನೀಲಿ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ ಹಿಡಿದಿದ್ದಾನೆ, ಒಳಲೆಯಲ್ಲಿ ಹಾಲು ಕುಡಿಸುವಾಗ ಹೆಂಡತಿ ಮುದ್ದಕ್ಕ ಕೂಸನ್ನು ವಾಲಿಸುತ್ತಾಳಲ್ಲ ಹಾಗೆ, ವಾಲಿಸದಿದ್ದರೆ ಇದು ಹೊರಡುವುದಿಲ್ಲ, ಇವತ್ತೊಂದು ದಿನ ಹೊರಡದಿರಲಿ ದೇವರೇ — ಒಂದೇ ಒದೆತಕ್ಕೆ ಹೊರಟಿತು. ಬೇಕೆಂದಾಗ ಮೊಂಡು, ಬೇಡವೆಂದಾಗ ಚುರುಕು. ಕೆಟ್ಟು ನಿಂತಿದ್ದರೆ ಎಷ್ಟು ಚೆನ್ನಾಗಿತ್ತು, ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ, ತನಗೆ ತಾನೂ ಹೇಳಿಕೊಳ್ಳಬೇಕಾಗಿರಲಿಲ್ಲ. ಕೆರೆ ಏರಿಯ ಆಚೆಯಿಂದ ಹಾರನ್ನು ಕೇಳಿತು, ರೇಣುಕಯ್ಯನ ಬಸ್ಸು, ಓಡಿಸುವವನು ಅವನಾದ್ದರಿಂದ ಊರವರಿಗೆಲ್ಲ ಅದು ರೇಣುಕಯ್ಯನ ಬಸ್ಸೇ, ಐ.ಡಿ.ಹಳ್ಳಿ ದಾಟಿ ಮಧುಗಿರಿಗೆ ಹೊರಟಿದೆ, ಹೊಂಗೆ ಮರದ ತಿರುವಿಗೆ ಬರಲು ಇನ್ನೂ ಹೊತ್ತಿದೆ, ಈಗ ನಡೆದರೂ ಸಿಗುತ್ತದೆ. ಒಳಗಿನಿಂದ ಹೆಂಡತಿ, ಡ್ಯೂಟಿಗೆ ಹೊತ್ತಾಗಕಿಲ್ವಾ, ಗಾಡಿ ಹಿಡ್ಕಂಡು ಹಂಗೇ ನಿಂತ್ಬುಟ್ರಲ್ಲ, ಕೂಸು ಅವಳ ಸೊಂಟದ ಮೇಲೆ ಕೂತು ಸ್ಕೂಟರಿನ ಸದ್ದಿಗೆ ಕೈಕಾಲು ಬಡಿಯುತ್ತಿದೆ, ಈ ಕೂಸು ಇರದಿದ್ದರೆ, ಛೆ, ಎಂಥ ಮಾತು, ಕೂಸಿನ ಮೇಲೆ ಹಾಕಬೇಡ ಬೊಮ್ಮಪ್ಪ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವನು ಸ್ಕೂಟರ್ ಆರಿಸಿದ.

ಆರಿಸಿದ ಮೇಲೂ ಕಿವಿಯಲ್ಲಿ ಸದ್ದಿದೆ, ಕಿವಿಗೆ ಸದ್ದು ಹೊಸದೇನಲ್ಲ, ಮಧುಗಿರಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದಿನವಿಡೀ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಂಬರ್ ಪ್ಲೀಸ್, ನಂಬರ್ ಪ್ಲೀಸ್, ಅಡಿಕೆ ಮಂಡಿಯವರು ತಿಪಟೂರು ಕೇಳುತ್ತಾರೆ, ಶಿರಾದ ಸಾಬರು ಅರ್ಜೆಂಟ್ ಭಾಯಿ ಜರಾ ಜಲ್ದಿ ಎನ್ನುತ್ತಾರೆ, ಪಾವಗಡದ ಕಡೆಯವರು ಅರ್ಧ ತೆಲುಗಿನಲ್ಲಿ ಗದರುತ್ತಾರೆ, ಬಸ್ಸಿನ ಮಾಲೀಕರು ಮಾತ್ರ ಎಂದೂ ಗದರಿದವರಲ್ಲ, ಬೊಮ್ಮಪ್ಪನವರು ಕೂತಿದ್ದರೆ ತುಮಕೂರು ಪಕ್ಕದ ಮನೆ ಕಣಯ್ಯ ಎಂದು ಹೊಗಳುತ್ತಿದ್ದರು, ಅವರೇ ಡ್ರೈವರನಿಗೆ ಹೇಳಿದ್ದು, ನಮ್ಮ ಆಪರೇಟ್ರು ಹೊಂಗೆ ಮರದ ತಾವ ನಿಂತಿರ್ತಾರೆ, ನಿಲ್ಸಿ ಹತ್ತಿಸ್ಕೊ. ಅಲ್ಲಿ ಏರು, ನಿಂತರೆ ಬಸ್ಸಿಗೆ ಮತ್ತೆ ಎತ್ತಿಕೊಳ್ಳುವುದು ಕಷ್ಟ, ಆದರೂ ನಿಲ್ಲುತ್ತಿತ್ತು, ಅವನೊಬ್ಬನಿಗಾಗಿ ಆ ಮರ ಬಸ್ ಸ್ಟಾಪಾಯಿತು. ಆಗ ಅವನಿಗೆ ಏನು ಹಮ್ಮು, ಬಸ್ಸಿನೊಳಗಿನವರು ಕಿಟಕಿಯಿಂದ ನೋಡುವಾಗ ಅಂಗಿಯ ಕಾಲರು ಸರಿಮಾಡಿಕೊಂಡು ನಿಧಾನಕ್ಕೆ ಹತ್ತುತ್ತಿದ್ದ. ಆಮೇಲೆ ಆ ಮರದಡಿ ಇನ್ನೊಬ್ಬಳು ಬಂದು ನಿಂತಳು, ಗೊಲ್ಲರ ಹಟ್ಟಿಯ ಕ್ಯಾತಮ್ಮ, ಎಲುಬಿಗೆ ಸೀರೆ ಸುತ್ತಿದ ಹಾಗಿದ್ದಳು, ನಿಮ್ ದೆಸೆಯಿಂದ ನಂಗೂ ಬಸ್ಸು ನಿಂತದೆ ಸಾಮಿ, ಆಸ್ಪತ್ರೇಲಿ ದಿನಾ ಸೂಜಿ ಹಾಕಿಸ್ಕಬೇಕಂತೆ, ಎದೆ ಕಾಯಿಲೆ. ಅವನು ಹೂಂ ಎಂದ, ಎಂದು ಒಂದು ಹೆಜ್ಜೆ ಆಚೆ ಸರಿದು ನಿಂತ.

ಸರಿದದ್ದು ಅವಳು ನೋಡಿದಳೋ ಇಲ್ಲವೋ. ಬಸ್ಸಿನಲ್ಲಿ ಅವಳು ಅವನ ಹಿಂದಿನ ಸೀಟಿನಲ್ಲಿ ಕೂರುವಳು, ಕೆಮ್ಮು ಬಂದರೆ ಇಟ್ಟಿಗೆ ಬಣ್ಣದ ಸೆರಗನ್ನು ಬಾಯಿಗೆ ಒತ್ತಿ, ಮುಖ ಆಚೆ ತಿರುಗಿಸಿ, ಒಳಗೊಳಗೇ ಕೆಮ್ಮುವಳು, ಅವನು ಕಿಟಕಿಯ ಗಾಜು ಇಳಿಸುವನು, ಉಸಿರು ಹಿಡಿಯುವನು, ಎಷ್ಟು ಹೊತ್ತು ಹಿಡಿದಾನು, ಕತ್ತಿನ ಹಿಂಭಾಗ ಬೆಚ್ಚಗಾದಂತೆ ಅನ್ನಿಸುವುದು, ಸಂಜೆ ಮನೆಗೆ ಬಂದು ಕೂಸನ್ನು ಎತ್ತಿಕೊಳ್ಳಲು ಭಯ, ಎತ್ತಿಕೊಳ್ಳದಿದ್ದರೆ ಮುದ್ದಕ್ಕನ ಮುನಿಸು. ಯಾವತ್ತೋ ಹೆಸರು ಬರೆಸಿ ಮರೆತಿದ್ದ ಸ್ಕೂಟರಿನ ಅಲಾಟ್‌ಮೆಂಟು ಬಂದದ್ದೂ ಆಗಲೇ, ಎಲ್ಲರ ಮುಂದೂ ಅವನು ಹೇಳಿದ್ದು ಡ್ಯೂಟಿ ಟೈಮು, ಬಸ್ಸನ್ನು ನಂಬಿ ಕೂರಕ್ಕಾಗುತ್ತಾ ಅಂತ, ಎಕ್ಸ್‌ಚೇಂಜಿನ ಕದಿರಯ್ಯ ನಕ್ಕು, ಬಸ್ಸೇ ನಿನ್ನನ್ನ ನಂಬ್ಕಂಡಿತ್ತಲ್ಲೋ ಮಾರಾಯ ಎಂದ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವನು ಕತ್ತಿನ ಹಿಂಭಾಗ ಮುಟ್ಟಿ ನೋಡಿಕೊಂಡ. ಕೆಮ್ಮಿಗೆ ಹೆದರಿ ಸ್ಕೂಟರ್ ತೆಗೆದುಕೊಂಡೆ ಎಂದು ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಹೆದರಿದ್ದು ತಪ್ಪಲ್ಲ, ಹೆದರಿದ್ದು ತಪ್ಪೇ ಅಲ್ಲ, ತಪ್ಪು ನಡೆದದ್ದು ಟೀ ಅಂಗಡಿಯಲ್ಲಿ. ಈಗ ಹೊಂಗೆ ಮರದ ತಾವ ನಿಲ್ಲಿಸಲ್ಲ ಸಾರ್ ನಾನು, ರೇಣುಕಯ್ಯ ಲೋಟ ಊದುತ್ತ ಹೇಳಿದ್ದ, ಆಯಮ್ಮ ಒಬ್ಳಿಗೋಸ್ಕರ ಏರಿನಾಗೆ ನಿಲ್ಸಿದ್ರೆ ಇದು ಎತ್ತಲ್ಲ, ಮೇಲಾಗಿ ಜನ ಕೆಮ್ಮಿಗೆ ಹೆದರ್ತಾರೆ, ನೀವೊಂದ್ ಮಾತು ಅಂದ್ರೆ ನಿಲ್ಲಿಸ್ತೀನಿ ಬುಡಿ. ಒಂದು ಮಾತು. ನಿಲ್ಲಿಸಪ್ಪ ಎಂದರೆ ಮುಗಿಯಿತು, ಆದರೆ ಅಷ್ಟು ಕನಿಕರ ಇರೋರು ನೀವ್ಯಾಕೆ ಬಸ್ಸು ಬಿಟ್ಬುಟ್ರಿ ಎಂದು ರೇಣುಕಯ್ಯ ಕೇಳಿದರೆ, ಕೇಳುತ್ತಿರಲಿಲ್ಲ ಅವನು, ಕೇಳುವ ಪೈಕಿಯಲ್ಲ, ಆದರೂ ಬೊಮ್ಮಪ್ಪ ಟೀ ಬಿಸಿ ಇದೆ ಎಂದ, ಸಕ್ಕರೆ ಜಾಸ್ತಿ ಎಂದ, ಲೋಟ ಇಟ್ಟು ಸ್ಕೂಟರ್ ಹತ್ತಿದ.

ಅಂಗಳ ದಾಟಿದ. ನಡೆದೇ ಹೊರಟ. ಮುದ್ದಕ್ಕ ಹಿಂದಿನಿಂದ ಏನೋ ಕೂಗುತ್ತಿದ್ದಾಳೆ, ಕೂಗಲಿ, ಬಸ್ಸಿಗೆ ಕಣೇ ಎಂದು ತಿರುಗದೇ ಹೇಳಿದ. ಹುರುಳಿ ಹೊಲದ ಬದು, ಕಾಲಿಗೆ ಮುತ್ತುಗದ ಒಣಗಿದೆಲೆ, ನಡೆದು ಎಷ್ಟು ದಿನವಾಯಿತು. ನಿನ್ನೆ ಆಸ್ಪತ್ರೆಯ ಡಾಕ್ಟರು ತುಮಕೂರಿಗೆ ಟ್ರಂಕ್ ಕಾಲ್ ಮಾಡಿದ್ದರು, ಲೈನು ಹಿಡಿದಿದೆಯೇ ಎಂದು ನೋಡಲು ಕಿವಿ ಕೊಟ್ಟಿದ್ದ, ಕೊಟ್ಟ ಕಿವಿ ತೆಗೆಯಲಾಗಲಿಲ್ಲ, ಕ್ಷಯದ ಸೂಜಿ ಕಳಿಸಿ, ಹಳ್ಳಿಯವರು ಮಧ್ಯದಲ್ಲಿ ಬಿಟ್ಟುಬಿಡುತ್ತಾರೆ, ಬಿಟ್ಟವರಿಗೆ ಆಮೇಲೆ ಅದೇ ಔಷಧಿ ನಾಟುವುದಿಲ್ಲ. ಅವಳು ಬಿಟ್ಟಿಲ್ಲ, ದಿನಾ ಮರದಡಿ ನಿಂತಿರುತ್ತಾಳಲ್ಲ, ಸ್ಕೂಟರಿನಲ್ಲಿ ಹೋಗುವಾಗ ಇವನು ರಸ್ತೆಯನ್ನೇ ನೋಡುತ್ತಾನೆ, ಆದರೂ ಕಣ್ಣಂಚಿಗೆ ಬೀಳುತ್ತದೆ, ಸದ್ದು ಕೇಳುತ್ತಲೇ ಅವಳು ಮುಖ ಆಚೆ ತಿರುಗಿಸಿ ಬಾಯಿಗೆ ಸೆರಗು ಒತ್ತುತ್ತಾಳೆ, ಧೂಳಿಗಿರಬೇಕು ಎಂದುಕೊಳ್ಳುತ್ತಾನೆ. ಬಸ್ಸು ನಿಲ್ಲದಿದ್ದರೆ ಮುಂದಿನ ಕೈಮರದ ಸ್ಟಾಪಿನವರೆಗೆ ನಡೆದು ಹತ್ತುತ್ತಾಳೆ, ಹತ್ತುತ್ತಿರಬಹುದು, ಆ ಎದೆಯಲ್ಲಿ ಆ ಏರು ಹತ್ತಿಕೊಂಡು. ಇವತ್ತಿನಿಂದ ನಡೆಯಬೇಕಾಗಿಲ್ಲ, ನಾನು ನಿಂತರೆ ಬಸ್ಸು ನಿಲ್ಲುತ್ತದೆ, ಸ್ಕೂಟರ್ ಮಳೆಗಾಲಕ್ಕಿರಲಿ, ಭಾನುವಾರಕ್ಕಿರಲಿ, ಕಿಟಕಿ ಪಕ್ಕ ಕೂತರೆ ಏನೂ ಆಗುವುದಿಲ್ಲ, ಕಂಡಕ್ಟರನಿಗೇನಾಗಿದೆ.

ಮರದಡಿ ಅವಳಿದ್ದಾಳೆ. ಅವಳ ಹಿಂದೆ ಬಂದರಿ ಪೊದೆಯ ನಡುವೆ ಕುರಿ, ಒಂದಲ್ಲ, ಒಂದು ಮಂದೆ, ಸ್ಕೂಟರಿನ ಮೇಲಿಂದ ಇವು ಯಾಕೆ ಕಾಣಲಿಲ್ಲ, ಕೈಯಲ್ಲಿ ಕೋಲಿದೆ, ಆಸ್ಪತ್ರೆಗೆ ಹೋಗುವವರ ಕೈಯಲ್ಲಿ ಕುರಿ ಕಾಯುವ ಕೋಲು ಯಾಕೆ. ಸ್ಕೂಟ್ರು ಕೆಟ್ಟೋಯ್ತಾ ಸಾಮಿ. ಹೂಂ, ಕೆಟ್ಟಿದೆ, ಎಂದ ಬೊಮ್ಮಪ್ಪ, ನಿಂತ ನಿಲುವಿನಲ್ಲೇ ಸುಳ್ಳು. ಬಸ್ಸು ಏರಿನಲ್ಲಿ ನರಳುತ್ತ ಬಂತು, ಇವನನ್ನು ಕಂಡು ನಿಂತಿತು, ರೇಣುಕಯ್ಯ ಹಲ್ಲು ಬಿಟ್ಟು, ಬರ್ರಿ ಸಾರ್, ಏನು ಅಪರೂಪ. ಹತ್ತು ಕ್ಯಾತಮ್ಮ, ಎಂದ ಬೊಮ್ಮಪ್ಪ. ನಾನೆಲ್ಲಿಗೆ ಸಾಮಿ, ಸೂಜಿ ಬುಟ್ಟು ಆಗ್ಲೇ ದೀಪಾವಳಿ ಕಳೀತಲ್ಲ, ಈ ಎದೆ ಇಟ್ಕಂಡು ಕೈಮರದ ಗಂಟ ಹೆಂಗೆ ನಡೀಲಿ. ಇವತ್ತು ನಿಂತಿದೆಯಲ್ಲ, ಹತ್ತು, ನಾನು ಡಾಕ್ಟರಿಗೆ ಹೇಳ್ತೀನಿ. ಬ್ಯಾಡ ಬುಡಿ, ಇವತ್ತು ನಿಂತದೆ, ನಾಳೀಕೆ ನಿಮ್ ಸ್ಕೂಟ್ರು ರಿಪೇರಿ ಆಯ್ತದೆ, ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು, ನೀವೋಗಿ ಸಾಮಿ, ನನ್ ಹತ್ರ ನಿಂತ್ಕಬ್ಯಾಡಿ, ಮನೇಲಿ ಹಸುಗೂಸೈತೆ. ಕೂಸಿನ ವಿಷಯ ಅವನು ಅವಳಿಗೆ ಎಂದೂ ಹೇಳಿರಲಿಲ್ಲ. ಬೊಮ್ಮಪ್ಪ ಒಬ್ಬನೇ ಹತ್ತಿದ, ಕಂಡಕ್ಟರ್ ರೈಟ್ ಎಂದ, ಯಾರೋ ಜಾಗ ಬಿಟ್ಟರು, ಕಿಟಕಿಯ ಪಕ್ಕದ್ದೇ, ಅದೇ ಹಳೆಯ ಸೀಟು, ಹಿಂದೆ ಯಾರೂ ಕೆಮ್ಮುತ್ತಿಲ್ಲ, ಅವನು ಆದರೂ ಉಸಿರು ಹಿಡಿದಿದ್ದಾನೆ, ಡಾಕ್ಟರಿಗೆ ಹೇಳಬೇಕು, ರೇಣುಕಯ್ಯನಿಗೆ ಹೇಳಬೇಕು, ನಾಳೆಯೂ ಬರಬೇಕು, ನಾಳೆ ಸ್ಕೂಟರ್ ಕೆಟ್ಟೇ ಇರಬೇಕು, ನಂಬರ್ ಪ್ಲೀಸ್, ನಂಬರ್ — ಬಸ್ಸು ಎಳೆದುಕೊಂಡು ಮೇಲೇರುತ್ತಿದೆ, ಅವನು ಹಿಂದಿರುಗಿ ನೋಡುತ್ತಾನೆ, ಹೊಂಗೆ ಮರ, ಕುರಿ, ಸುತ್ತ ಬರೀ ಬಯಲು, ಅಷ್ಟೊಂದು ಗಾಳಿ, ಅಷ್ಟು ಗಾಳಿಯಲ್ಲೂ ಅವಳು ಅವನಿಗಾಗಿ ಮುಖ ಆಚೆ ತಿರುಗಿಸಿದ್ದಾಳೆ, ಬಾಯಿಗೆ ಸೆರಗು, ಇಟ್ಟಿಗೆ ಬಣ್ಣದ್ದು, ಬಾಯಿಗೆ ಸೆರಗು.