ಮಾತಾಡುವವರ ದೋಣಿ

ಹಲ್ಲಿನ ಡಾಕ್ಟರು ಊರಲ್ಲೆಲ್ಲ ದೊಡ್ಡ ಮಾತುಗಾರ ಎಂದು ಹೆಸರು ಮಾಡಿದ್ದರು. ಬಾಯಿ ತುಂಬ ಹತ್ತಿ ತುರುಕಿಸಿಕೊಂಡು, ತುಟಿಯ ಅಂಚಿಗೆ ಎಂಜಲು ಹೀರುವ ಕೊಳವೆ ಸಿಕ್ಕಿಸಿಕೊಂಡು ಅವರ ಕುರ್ಚಿಯಲ್ಲಿ ಮಲಗಿದವರು ಯಾರೂ ಅವರ ಮಾತಿಗೆ ಎದುರಾಡಿದ್ದಿಲ್ಲ. ಕ್ಲಿನಿಕ್ಕನ್ನು ಅಳಿಯನಿಗೊಪ್ಪಿಸಿ ಹೆಂಡತಿಯ ಜೊತೆ ಹಾಯಿದೋಣಿ ಹತ್ತಿದ ಮೇಲೆಯೇ ತೊಂದರೆ ಶುರುವಾದದ್ದು. ದೋಣಿಯಲ್ಲಿ ಇದ್ದದ್ದು ಇನ್ನೊಂದೇ ಜೊತೆ ಕಿವಿ. ಆ ಕಿವಿಗಳಿಗೆ ಗಾಳಿ ಎತ್ತ ತಿರುಗುತ್ತಿದೆ, ಯಾವ ಹಗ್ಗ ಸಡಿಲವಾಗಿದೆ ಎಂದು ಆಲಿಸುವ ಕೆಲಸವೇ ಬೇಕಾದಷ್ಟಿತ್ತು.

ಹೆಂಡತಿ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು. ನಕ್ಷೆ ನೋಡುವವಳು ಅವಳು, ಹಾಯಿ ಏರಿಸುವವಳು ಅವಳು, ಚುಕ್ಕಾಣಿ ಹಿಡಿಯುವವಳೂ ಅವಳೇ. ಡಾಕ್ಟರು ಕ್ಯಾಪ್ಟನ್ ಟೋಪಿ ಹಾಕಿಕೊಳ್ಳುತ್ತಿದ್ದರು.

ಒಂದು ದ್ವೀಪದಿಂದ ಇನ್ನೊಂದಕ್ಕೆ ಹೀಗೆ ಸಾಗುತ್ತಿದ್ದಾಗ, ದೋಣಿಯಿಂದ ದೋಣಿಗೆ ಮಾತಾಡುವ ರೇಡಿಯೊದಲ್ಲಿ ಲಾಯರ ಸುದ್ದಿ ಬಂತು. ಲಾಯರು ಅಂದರೆ ಡಾಕ್ಟರು ಓದುವ ಕಾಲದಲ್ಲಿ ಒಂದೇ ರೂಮಿನಲ್ಲಿದ್ದ ಗೆಳೆಯ. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಇಬ್ಬರೂ ಕೇಳಿಸಿಕೊಳ್ಳುತ್ತಿರಲಿಲ್ಲ, ಹಾಗಾಗಿ ಒಂದು ದಿನವೂ ಜಗಳವಾಗಿರಲಿಲ್ಲ. ಮದುವೆ, ಮಕ್ಕಳು, ಕೆಲಸ ಎಂದು ದೂರವಾದ ಮೇಲೆ ಭೇಟಿಯೇ ಇರಲಿಲ್ಲ. ಈಗ ಲಾಯರೂ ಕೋರ್ಟಿಗೆ ಕೈಮುಗಿದು, ಹೆಂಡತಿಯೊಂದಿಗೆ ದೋಣಿಯಲ್ಲಿ ತಿರುಗುತ್ತಿದ್ದಾರಂತೆ. ದೀಪಸ್ತಂಭದ ದ್ವೀಪದ ಹಿಂದಿನ ಕೊಲ್ಲಿಯಲ್ಲಿ ಲಂಗರು ಹಾಕಿಕೊಂಡು ಕಾಯುತ್ತಿರುತ್ತಾರಂತೆ.

ಡಾಕ್ಟರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೇಳಲು ಕೈಯಲ್ಲೊಂದು ಭರ್ಜರಿ ಕಥೆಯೂ ಇತ್ತು: ಹಿಂದಿನ ತಿಂಗಳು ಸಿಕ್ಕಿಕೊಂಡ ಬಿರುಗಾಳಿಯದು. ದಾರಿಯಲ್ಲಿ ತಂಗಿದ ಕಡೆಯೆಲ್ಲ ಅಕ್ಕಪಕ್ಕದ ದೋಣಿಯವರಿಗೆ ಅದನ್ನು ಹೇಳಿ ಹದಮಾಡಿದರು. ಮೊದಲ ಕೊಲ್ಲಿಯಲ್ಲಿ ಹೇಳಿದಾಗ ಒಂದು ಹಗ್ಗ ಕಿತ್ತುಹೋಯಿತು. ಮುಂದಿನದರಲ್ಲಿ ಹಾಯಿ ಹರಿಯಿತು. ಅದರ ಮುಂದಿನದರಲ್ಲಿ ಹಾಯಿಕಂಬವೇ ಬಾಗಿತು. ಆ ಬಿರುಗಾಳಿಯಲ್ಲಿ ಡಾಕ್ಟರು ಕೆಳಗಿನ ಕೋಣೆಯಲ್ಲಿ ಬಕೆಟ್ಟು ತಬ್ಬಿಕೊಂಡು ಕೂತಿದ್ದರು. ಮೇಲೆ ಚುಕ್ಕಾಣಿ ಹಿಡಿದು ತೊಯ್ದು ತೊಪ್ಪೆಯಾದ ಹೆಂಡತಿ ಈ ಕಥೆ ಬಂದಾಗಲೆಲ್ಲ ತರಕಾರಿ ಹೆಚ್ಚುತ್ತ ತಲೆ ತಗ್ಗಿಸಿಕೊಂಡೇ ಇರುತ್ತಿದ್ದಳು.

ಕೊಲ್ಲಿ ತಲುಪಿದಾಗ ಲಾಯರು ಗಲ್ಲದಿಂದ ನೆತ್ತಿಗೆ ಟವೆಲ್ಲು ಬಿಗಿದುಕೊಂಡು ನಿಂತಿದ್ದರು. ದವಡೆ ಊದಿ ಒಂದು ಕಣ್ಣು ಅರ್ಧ ಮುಚ್ಚಿತ್ತು. ಅಪ್ಪಿಕೊಂಡ ಡಾಕ್ಟರಿಗೆ ಉತ್ತರವಾಗಿ ಬಂದದ್ದು ಒಂದು "ಊಂ" ಮಾತ್ರ. ಹಿಂದಿನ ಹಲ್ಲು ಕೆಟ್ಟು ವಾರವಾಯಿತು, ನಿಮ್ಮ ಹೊರತು ಬೇರೆಯವರ ಮುಂದೆ ಬಾಯಿ ತೆರೆಯುವುದಿಲ್ಲ ಅಂತ ಹಟ ಹಿಡಿದಿದ್ದಾರೆ ಎಂದು ಲಾಯರ ಹೆಂಡತಿ ವಿವರಿಸಿದರು. ಆದರೆ ಡಾಕ್ಟರು ಇನ್ನೊಬ್ಬರ ಬಾಯಲ್ಲಿ ಇಣುಕುವುದಿಲ್ಲವೆಂದು ಶಪಥ ಮಾಡಿಯೇ ದೋಣಿ ಹತ್ತಿದ್ದವರು. ನಾಳೆ ನೋಡೋಣ ಎಂದರು. ಒಳಗೊಳಗೆ ಅವರಿಗೆ ಬೇರೆಯೇ ಲೆಕ್ಕವಿತ್ತು. ಲಾಯರ ಬಾಯಿ ಕಟ್ಟಿದೆ; ಇಂಥ ಅವಕಾಶ ಜನ್ಮದಲ್ಲಿ ಮತ್ತೆ ಸಿಗದು.

ಆ ಸಂಜೆ ಬಿರುಗಾಳಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಲಾಯರು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರು, ನೀರು ಹಲ್ಲಿನದ್ದು. ಹಾಯಿಕಂಬ ಬಾಗುವ ಜಾಗಕ್ಕೆ ಬಂದಾಗ ಡಾಕ್ಟರು ಒಂದು ಕ್ಷಣ ನಿಲ್ಲಿಸಿದರು. ಹಳೆಯ ಲಾಯರಾಗಿದ್ದರೆ ಅಲ್ಲಿ ಸುಳ್ಳನ್ನು ಗಕ್ಕನೆ ಹಿಡಿದು ನಡುವೆ ಬಾಯಿ ಹಾಕಬೇಕಿತ್ತು. ಈ ಲಾಯರು ತಲೆಯಾಡಿಸಿದರು. ಕಥೆ ಉಪ್ಪಿಲ್ಲದ ಸಾರಿನಂತಾಯಿತು. ಡಾಕ್ಟರು ಮಲಗುವಾಗ, ಅದು ಅಷ್ಟೇನೂ ದೊಡ್ಡ ಗಾಳಿಯಲ್ಲ ಎಂದು ತಮಗೇ ಅನಿಸಿ ಬೇಜಾರು ಮಾಡಿಕೊಂಡರು.

ಬೆಳಿಗ್ಗೆ ಎದ್ದವರೇ ಹಳೆಯ ಇಕ್ಕಳ ಸಿಕ್ಕಿದ್ದರೆ ಆ ಹಲ್ಲು ಕಿತ್ತೇಬಿಡಬಹುದಿತ್ತು ಎಂದು ಗೊಣಗಿದರು. ಹೆಂಡತಿ ಅಕ್ಕಿ ಡಬ್ಬದ ಹಿಂದಿನಿಂದ ಇಕ್ಕಳ, ಸಿರಿಂಜು, ಮರಗಟ್ಟಿಸುವ ಔಷಧಿ ಎಲ್ಲ ತೆಗೆದು ಮುಂದಿಟ್ಟಳು. ಅವಳು ಅವರ ಶಪಥವನ್ನು ಮೊದಲಿಂದಲೂ ಅಷ್ಟಾಗಿ ಹಚ್ಚಿಕೊಂಡಿರಲಿಲ್ಲ. ತೂಗುವ ದೋಣಿಯಲ್ಲಿ, ಹೆಂಗಸರಿಬ್ಬರೂ ಎರಡು ಕಡೆ ತಲೆ ಹಿಡಿದುಕೊಂಡಿರಲು, ಹಲ್ಲು ಕಿತ್ತು ಬಂತು. ಸಂಜೆಯವರೆಗೆ ಬಾಯಿ ಬಿಡಬೇಡ ಎಂದು ಡಾಕ್ಟರು ತಾಕೀತು ಮಾಡಿದರು. ಮಧ್ಯಾಹ್ನಕ್ಕೇ ಲಾಯರು ಬಾಯಲ್ಲಿದ್ದ ಹತ್ತಿಯನ್ನು ಉಗಿದರು.

"ಲೋ, ಕಂಬ ಬಾಗಿದ್ರೆ ಇಲ್ಲೀವರೆಗೂ ಹೇಗೋ ಬಂದೆ? ಈಜಿಕೊಂಡಾ?"

ಡಾಕ್ಟರ ಎದೆ ಹಗುರಾಯಿತು. ಅಲ್ಲಿಂದ ಮುಂದೆ ಇಬ್ಬರಿಗೂ ತಡೆಯೇ ಇರಲಿಲ್ಲ. ಕಾಫಿಯಲ್ಲಿ ಮಾತು, ಊಟದಲ್ಲಿ ಮಾತು. ಒಬ್ಬರು ಸ್ನಾನಕ್ಕೆ ಹೋದರೆ ಇನ್ನೊಬ್ಬರು ಬಾಗಿಲಾಚೆ ನಿಂತು ಮಾತು. ಹೆಂಗಸರು ಕೆಳಗಿಳಿದರೂ ಮೇಲಿನ ಹಲಗೆಯಿಂದ ಮಾತು ತೊಟ್ಟಿಕ್ಕುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಡಾಕ್ಟರ ಹೆಂಡತಿ ನಕ್ಷೆ ಮಡಚುತ್ತ, ಲಾಯರ ಹೆಂಡತಿಯ ಕಡೆ ಕೈತೋರಿಸಿ ಹೇಳಿದಳು: "ರೀ, ಮುಂದಿನ ದ್ವೀಪ ಇಲ್ಲೇ ಕಾಣ್ತಿದೆ. ನೀವಿಬ್ರೂ ಅವರ ದೋಣೀಲಿ ಬನ್ನಿ. ನಾನೂ ಅಕ್ಕನೂ ನಮ್ಮದರಲ್ಲಿ ಹೋಗ್ತೀವಿ."

ಗಂಡಸರಿಗೆ ಇದು ನ್ಯಾಯವೆನಿಸಿತು. ಪಾಪ, ಅವರಿಗೂ ಎರಡು ಮಾತಾಡಿಕೊಳ್ಳುವುದಿರುತ್ತದೆ ಎಂದು ಲಾಯರು ಉದಾರವಾಗಿ ಅಪ್ಪಣೆ ಕೊಟ್ಟರು. ನೋಡನೋಡುತ್ತಿದ್ದಂತೆ ಹೆಂಗಸರ ದೋಣಿ ಹಾಯಿ ಬಿಚ್ಚಿ, ಸ್ವಲ್ಪ ವಾಲಿ, ಸದ್ದಿಲ್ಲದೆ ಕೊಲ್ಲಿಯ ಬಾಯಿ ದಾಟಿತು.

"ಲಂಗರು ಎತ್ತಪ್ಪ," ಎಂದರು ಡಾಕ್ಟರು.

"ನಿನ್ನ ತಲೆ ಮೇಲೆ ಕ್ಯಾಪ್ಟನ್ ಟೋಪಿ ಇದೆ. ನೀನೇ ಎತ್ತು."

"ಇದು ನಿನ್ನ ದೋಣಿ ಅಲ್ವೇನೋ?"

ಲಾಯರು ದೋಣಿಯ ಮುಂದಿನ ತುದಿಗೆ ಹೋಗಿ ಬಗ್ಗಿ ನೋಡಿದರು. ಎಲ್ಲೋ ಒಂದು ಬಟನ್ ಇದೆ, ಅದನ್ನು ನಮ್ಮವಳು ಒತ್ತುತ್ತಾಳೆ ಎಂದರು. ಮೊದಲು ಒತ್ತಿದ ಬಟನ್ನಿಗೆ ಹಗಲು ಹೊತ್ತಿನಲ್ಲಿ ದೀಪ ಹತ್ತಿತು. ಇನ್ನೊಂದಕ್ಕೆ ಲಂಗರಿನ ಸರಪಳಿ ಮೇಲೆ ಬರುವ ಬದಲು ಗಡಗಡನೆ ಇನ್ನಷ್ಟು ಕೆಳಗೆ ಹೋಯಿತು. ಹೇಗೋ ಎತ್ತಿ ಹಾಯಿ ಬಿಚ್ಚಿದರೆ ಅದರ ಅಡ್ಡಮರ ರಪ್ಪನೆ ತಿರುಗಿ ಡಾಕ್ಟರ ಟೋಪಿಯನ್ನು ಸಮುದ್ರಕ್ಕೆ ಕಳಿಸಿತು. ಸ್ವಲ್ಪ ಕೆಳಗೆ ಬಂದಿದ್ದರೆ ತಲೆಯೇ ಹೋಗುತ್ತಿತ್ತು. ಇಬ್ಬರೂ ಹಾಯಿಯನ್ನು ಉಂಡೆಮಾಡಿ ಕಟ್ಟಿಹಾಕಿ, ಎಂಜಿನ್ ಹಚ್ಚಿ, ತೆವಳಿಕೊಂಡು ಹೊರಟರು. ದಾರಿಯುದ್ದಕ್ಕೂ ತಪ್ಪು ಯಾರದೆಂಬ ವಾದ ನಡೆಯಿತು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವರು ತಲುಪಿದಾಗ ಹೆಂಗಸರದು ಊಟ ಮುಗಿದು ಪಾತ್ರೆಯೂ ತೊಳೆದಾಗಿತ್ತು. ಒಬ್ಬರು ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದರು, ಇನ್ನೊಬ್ಬರು ಮಲಗಿ ಆಕಾಶ ನೋಡುತ್ತಿದ್ದರು.

"ಏನೇನು ಮಾತಾಡಿಕೊಂಡ್ರಿ ದಿನವಿಡೀ?" ಎಂದು ಡಾಕ್ಟರು ಕೇಳಿದರು. ತಮ್ಮ ಬಗ್ಗೆ ಏನಾದರೂ ಬಂದಿರಬಹುದೆಂಬ ಅಂಜಿಕೆ ಅವರಿಗಿತ್ತು.

"ಹೊರಡೋವಾಗ ಅಕ್ಕ 'ಹಗ್ಗ ಬಿಡ್ಲಾ' ಅಂದ್ರು. ನಾನು 'ಬಿಡಿ' ಅಂದೆ," ಎಂದಳು ಹೆಂಡತಿ.

"ಆಮೇಲೆ?"

"ಅಷ್ಟೇ."

ಲಾಯರು ಗೆಳೆಯನ ಪಕ್ಕೆಗೆ ತಿವಿದು, ಪಾಪ, ಇಬ್ಬರಿಗೂ ಹೊಂದಿಕೆಯಾಗಲಿಲ್ಲ ಅಂತ ಕಾಣುತ್ತೆ, ನಾಳೆಯಿಂದ ನಾವೇ ಅವರ ಜೊತೆಗಿರಬೇಕು ಎಂದು ಪಿಸುಗುಟ್ಟಿದರು. ಡಾಕ್ಟರು ಹೌದೆನ್ನಲು ಹೊರಟವರು ಹೆಂಡತಿಯ ಮುಖ ನೋಡಿದರು. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಕಂಡಿದ್ದ ನೆಮ್ಮದಿಯ ಮುಖ ಅದು. ಇದಕ್ಕೆ ಕಾರಣ ಸಮುದ್ರದ ಗಾಳಿಯೇ ಇರಬೇಕೆಂದುಕೊಳ್ಳಲು ಅವರು ತುಂಬ ಪ್ರಯತ್ನಪಟ್ಟರು.

"ನಾಳೆನೂ ಹೀಗೇ ಹೋಗ್ತೀರಾ?"

"ಹೋಗ್ತೀವಿ," ಎಂದಳು. "ಲಂಗರಿನ ಬಟನ್ ಯಾವುದು ಅಂತ ಅಕ್ಕ ನಿಮಗೆ ತೋರಿಸಿಕೊಡ್ತಾರೆ."