ಮಸ್ಕಿ ಕೊಟ್ಟ ಅಂಕ

"ಮಸ್ಕಿ, ಮಸ್ಕಿ, ಇದು ಲಿಂಗಸುಗೂರು. ನನ್ನ ದನಿ ಹೆಂಗ ಕೇಳಾಕತ್ತೈತಿ ಹೇಳ್ರಿ."

ಗುಲ್ಷನ್‌ಬೀ ಮೂರನೆಯ ಸಲ ಕೇಳಿ, ಮೈಕಿನ ಗುಂಡಿಯಿಂದ ಬೆರಳು ತೆಗೆದಳು. ಗರಗರ ಸದ್ದಿನ ನಡುವೆ ಮಸ್ಕಿಯ ಶಿವಶರಣಪ್ಪನ ದಪ್ಪ ದನಿ ಬಂತು.

"ಐದಕ್ಕ ಎರಡು."

ಅವಳು ಪುಸ್ತಕದಲ್ಲಿ ಎರಡು ಎಂದು ಬರೆದಳು. ಹನ್ನೊಂದು ದಿನದಿಂದ ಅದೇ ಅಂಕ.

ಮಳೆಗಾಲದ ನಾಲ್ಕು ತಿಂಗಳು, ಬೆಳಿಗ್ಗೆ ಎಂಟಕ್ಕೆ, ಸಿಂಧನೂರು, ಲಿಂಗಸುಗೂರು, ಮಸ್ಕಿಯ ವಯರ್‌ಲೆಸ್ ಕೇಂದ್ರಗಳು ಒಂದನ್ನೊಂದು ಕೂಗಿ ನೋಡಬೇಕಿತ್ತು. ಹೊಳೆಗೋ ಹಳ್ಳಕ್ಕೋ ನೀರು ಬಂದು ಟೆಲಿಫೋನ್ ತಂತಿ ಹರಿದ ದಿನ ಊರುಗಳಿಗೆ ಸುದ್ದಿ ಮುಟ್ಟಿಸಲು ಬೇರೆ ದಾರಿಯಿರಲಿಲ್ಲ. ದನಿ ಎಷ್ಟು ಸ್ಪಷ್ಟವಾಗಿ ಕೇಳಿತೆಂದು ಎದುರಿನವರು ಐದರೊಳಗೆ ಅಂಕ ಕೊಡುತ್ತಿದ್ದರು. ಸಿಂಧನೂರಿನ ಕರಿಬಸಯ್ಯ ಅವಳಿಗೆ ದಿನವೂ ಐದು ಕೊಡುತ್ತಿದ್ದ. ಆದರೆ ಮೇಲಿನ ಸಾಹೇಬರ ಕಣ್ಣು ಬಿದ್ದದ್ದು ಮಸ್ಕಿಯ ಅಂಕದ ಮೇಲೆ. ತಿಂಗಳ ಕೊನೆಯವರೆಗೆ ನೋಡುತ್ತೇನೆ, ಸರಿಹೋಗದಿದ್ದರೆ ಹಳೆಯ ಕೆಲಸಕ್ಕೇ ಹೋಗಬೇಕಾಗುತ್ತದೆ ಎಂದು ಅವರು ಸಿಟ್ಟಿಲ್ಲದೆ ಹೇಳಿದ್ದರು.

ಹಳೆಯ ಕೆಲಸವೆಂದರೆ ಕಚೇರಿಗೆ ನೀರು ತುಂಬುವುದು, ಕಾಗದ ಹೊತ್ತು ತಿರುಗುವುದು. ಗಂಡ ತೀರಿಕೊಂಡ ಮೇಲೆ ಅವನ ಇಲಾಖೆ ಕೊಟ್ಟ ನೌಕರಿ. ಎರಡು ವರ್ಷ ಅದನ್ನು ಮಾಡಿ, ರಾಯಚೂರಿನಲ್ಲಿ ಆರು ವಾರ ತರಬೇತಿ ಪಡೆದು, ೧೯೯೧ರ ಜೂನಿನಲ್ಲಿ ಅವಳು ಈ ಕುರ್ಚಿಯ ಮೇಲೆ ಕೂತಿದ್ದಳು. ಮೊದಲ ದಿನ ತನ್ನ ಹೆಸರಿನ ಬದಲು ಊರಿನ ಹೆಸರು ಹೇಳಿ ಮಾತು ಶುರುಮಾಡಿದಾಗ ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು.

ಮರುದಿನ ರಜೆ. ಗುಲ್ಷನ್‌ಬೀ ಯಾರಿಗೂ ಹೇಳದೆ ಮಸ್ಕಿಯ ಬಸ್ಸು ಹತ್ತಿದಳು. ಆ ಮನುಷ್ಯನನ್ನು ಎದುರಿಗೆ ನಿಂತು ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು.

ಮಸ್ಕಿಯ ಕೇಂದ್ರ ಒಂದೇ ಕೋಣೆ. ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ ಶಿವಶರಣಪ್ಪ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡಿದ್ದ ಹಿರಿಯ, ಬಲಗಿವಿಯನ್ನು ಸೆಟ್ಟಿನ ಜಾಲರಿಗೆ ಒತ್ತಿ ಹಿಡಿದಿದ್ದ. ಅವಳು ನಮಸ್ಕಾರ ಹೇಳಿದಳು. ಇನ್ನೊಮ್ಮೆ ಹೇಳಿದಳು. ಬಾಗಿಲು ಬಡಿದಳು. ಅವಳ ನೆರಳು ಮೇಜಿನ ಮೇಲೆ ಬಿದ್ದಾಗಲೇ ಅವನು ತಿರುಗಿದ್ದು. ಲಿಂಗಸುಗೂರಿನವಳು ಎಂದು ಅವಳು ಹೇಳಿದರೆ, ಅವನು ಅವಳ ತುಟಿಗಳನ್ನೇ ನೋಡುತ್ತ, ಯಾವ ಊರೆಂದು ಮತ್ತೆ ಕೇಳಿದ.

ದಾರಿಯಲ್ಲಿ ಜೋಡಿಸಿದ್ದ ಮಾತನ್ನು ಅವಳು ಬಿಟ್ಟುಬಿಟ್ಟಳು. ಅವಳು ಗಟ್ಟಿಯಾಗಿ ಊರಿನ ಹೆಸರು ಹೇಳಿದಾಗ ಅವನ ಮುಖ ಸಣ್ಣದಾಯಿತು. ಸ್ಟೂಲು ಸರಿಸಿ ಕೂಡಲು ಹೇಳಿ, ಫ್ಲಾಸ್ಕಿನಿಂದ ಚಹ ಬಗ್ಗಿಸಿ ಕೊಟ್ಟ.

"ಎಡಗಿವಿ ಹೋಗಿ ಎರಡು ವರ್ಷಾತು ತಂಗಿ," ಎಂದ. "ಗಂಡಸರ ದಪ್ಪ ದನಿ ಬಲಗಿವಿಗೆ ತಿಳೀತೈತಿ. ನಿಂದು ಸಣ್ಣ ದನಿ. ನಿಂದೇನೂ ತಪ್ಪಿಲ್ಲ ಅಂತ ಗೊತ್ತಿತ್ತು, ಆದ್ರೂ ಎರಡಂತ ಬರದೆ. ರಿಟೈರ್ ಆಗಾಕ ಇನ್ನ ಒಂದ ವರ್ಷ ಐತಿ."

ಅವಳು ಲೋಟವನ್ನು ಕೆಳಗಿಟ್ಟಳು.

"ಅಣ್ಣಾರ, ನೀರು ಬಂದ ದಿನ ನನ್ನ ಮಾತು ತಿಳೀದಿದ್ರ ಏನ್ ಮಾಡ್ತೀರಿ?"

ಅವನು ಸೆಟ್ಟಿನ ಕಡೆ ಕಣ್ಣು ತಿರುಗಿಸಿದ. ಅವಳೂ ಅತ್ತ ನೋಡಿದಾಗ ಸೆಟ್ಟಿನ ಬದಿಯಲ್ಲಿ ದೂಳು ತುಂಬಿದ್ದ ಒಂದು ಸಣ್ಣ ತೂತು ಕಣ್ಣಿಗೆ ಬಿತ್ತು. ಹೆಡ್‌ಫೋನಿನ ಪಿನ್ನು ಸಿಕ್ಕಿಸುವ ಜಾಗ. ಸೆಟ್ಟಿನೊಂದಿಗೆ ಹೆಡ್‌ಫೋನು ಕೊಡಲೇ ಇಲ್ಲವೆಂದ ಅವನು. ಲಿಂಗಸುಗೂರಿನ ಕಪಾಟಿನಲ್ಲಿ ಒಂದು ಜೊತೆ ಹೆಚ್ಚಿಗೆ ಇದೆಯೆಂದು ಅವಳು ನೆನಪಿಸಿಕೊಂಡಳು. ಅವಳು ಏಳುವ ಮೊದಲೇ ಅವನು ಕಾಗದ ತೆಗೆದು ಸಾಹೇಬರಿಗೆ ಬರೆಯತೊಡಗಿದ್ದ. ಅಂಕ ಕಡಿಮೆಯಾದದ್ದು ತನ್ನ ಕಿವಿಯಿಂದ ಎಂಬ ಮೊದಲ ಸಾಲನ್ನು ಅವಳಿಗೆ ತೋರಿಸಿದ.

ಸಾಹೇಬರು ಇಬ್ಬರನ್ನೂ ಅಷ್ಟಕ್ಕೇ ಬಿಡಲಿಲ್ಲ. ಹೆಡ್‌ಫೋನು ಕಳಿಸಲು ಒಪ್ಪಿದರು, ಆದರೆ ಒಂದು ಪರೀಕ್ಷೆ ಇಟ್ಟರು: ಲಿಂಗಸುಗೂರು ಇಪ್ಪತ್ತು ಅಂಕಿ ಓದಬೇಕು, ಮಸ್ಕಿ ಬರೆದುಕೊಂಡು ಸಿಂಧನೂರಿಗೆ ತಿರುಗಿ ಓದಬೇಕು. ಒಂದು ತಪ್ಪಿದರೂ ಶಿವಶರಣಪ್ಪ ಕುರ್ಚಿ ಬಿಡಬೇಕು.

ಸೋಮವಾರ, ಹೆಡ್‌ಫೋನು ಮಸ್ಕಿ ಮುಟ್ಟಿದ ಮೇಲೆ, ಗುಲ್ಷನ್‌ಬೀ ಒಂದೊಂದೇ ಅಂಕಿ, ಬಿಡಿಸಿ ಬಿಡಿಸಿ ಓದಿದಳು. ಆ ಕಡೆ ಶಿವಶರಣಪ್ಪ ತಿರುಗಿ ಓದುವಾಗ ಅವಳು ತನ್ನ ಹಾಳೆಯ ಮೇಲೆ ಬೆರಳಿಟ್ಟು ಸಾಗಿದಳು. ಹದಿನೇಳನೆಯ ಅಂಕಿಗೆ ಅವನು ತಡವರಿಸಿದ. ಅವಳ ಬೆರಳೂ ನಿಂತಿತು. ಆಮೇಲೆ ಸರಿಯಾಗಿ ಹೇಳಿದ. ಇಪ್ಪತ್ತೂ ಮುಗಿದವು. ಎಲ್ಲ ಬರೋಬರ್ ಇವೆ ಎಂದು ಕರಿಬಸಯ್ಯ ಸಿಂಧನೂರಿನಿಂದ ಹೇಳಿದ.

"ಲಿಂಗಸುಗೂರು, ಐದಕ್ಕ ಐದು," ಎಂದ ಶಿವಶರಣಪ್ಪ. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ಗುಂಡಿ ಬಿಡಲಿಲ್ಲ.

"ತಂಗಿ, ನಿನ್ನ ಮಾತಿನ ಹಿಂದ ಒಂದು ಸಪ್ಪಳ ಕೇಳಾಕತ್ತೈತಿ. ನಿಮ್ಮ ಕಡೆ ಮಳಿ ಏನು?"

ಗುಲ್ಷನ್‌ಬೀ ಕಿಟಕಿಯತ್ತ ನೋಡಿದಳು. ತಗಡಿನ ಮೇಲೆ ಹನಿಗಳು ಆಗಷ್ಟೇ ದಪ್ಪವಾಗುತ್ತಿದ್ದವು. ಗುಂಡಿ ಒತ್ತಿ, ಮೈಕನ್ನು ಕಿಟಕಿಯ ಹತ್ತಿರ ಹಿಡಿದಳು. ಮಸ್ಕಿಯಲ್ಲಿ ಬಿಸಿಲಿತ್ತು. ಶಿವಶರಣಪ್ಪ ಎರಡೂ ಕೈಗಳಿಂದ ಹೆಡ್‌ಫೋನನ್ನು ಒತ್ತಿಕೊಂಡು ಕೂತಿದ್ದ.