ಹದಕ್ಕೆ ಬಾರದ ವೈನ್

ಮಗಳ ಮದುವೆ ಗೊತ್ತಾದ ದಿನವೇ ಪೀಪಾಯಿ ಕಟ್ಟುವ ಅಪ್ಪ ಒಂದು ಪೆಟ್ಟಿಗೆ ಫ್ರೆಂಚ್ ಕೆಂಪು ವೈನ್ ತಂದು ನೆಲಮಾಳಿಗೆಯಲ್ಲಿ ಅಡ್ಡಡ್ಡ ಮಲಗಿಸಿದ್ದ. ಮೂರು ಜಾತಿಯ ಕಪ್ಪು ದ್ರಾಕ್ಷಿ ಬೆರೆಸಿದ, ನಾಲಿಗೆಯನ್ನೇ ಹಿಡಿದೆಳೆಯುವ ಒಗರಿನ ವೈನ್ ಅದು. ಅದು ಇಟ್ಟಲ್ಲೇ ಮಾಗಿ, ಒಗರು ಮೆತ್ತಗಾದ ಮೇಲೆಯೇ ಮದುವೆ ಎಂದು ಹಟ ಹಿಡಿದ.

ವರ್ಷವರ್ಷವೂ ದ್ರಾಕ್ಷಿ ಬಳ್ಳಿ ಸವರುವ ಕಾಲಕ್ಕೆ ಒಂದು ಸೀಸೆ ತೆರೆದು, ಗುಟುಕನ್ನು ಬಹಳ ಹೊತ್ತು ಬಾಯಲ್ಲಿ ಆಡಿಸಿ, "ಇನ್ನೂ ಎಳಸು" ಎನ್ನುತ್ತಿದ್ದ. ತೆರೆದದ್ದನ್ನು ಚೆಲ್ಲಲಾದೀತೇ ಎಂದು ಮಿಕ್ಕದ್ದನ್ನೂ ತಾನೇ ಮುಗಿಸುತ್ತಿದ್ದ. ಮಗಳು ಮದುವೆಯ ಬಟ್ಟೆಯನ್ನು ಬಿಸಿಲಿಗೆ ಹಾಕಿ ಮತ್ತೆ ಮಡಚಿಡುತ್ತಿದ್ದಳು. ಅತ್ತ ಹುಡುಗನ ಮುಂದಲೆ ಬೋಳಾಗುತ್ತ ಬಂತು.

ಈ ವರ್ಷ ಉಳಿದದ್ದು ಒಂದೇ ಸೀಸೆ. ಅಪ್ಪ ಅದರ ಮುಂದೆ ತಲೆಯ ಮೇಲೆ ಕೈಹೊತ್ತು ಕೂತ.

"ರುಚಿ ನೋಡದೆ ಹದ ಗೊತ್ತಾಗಲ್ಲ ಮಗಳೇ. ನೋಡಿದ್ರೆ ಮದುವೆಗೆ ವೈನ್ ಇರಲ್ಲ."

"ಹಾಗಾದ್ರೆ ಇನ್ನೊಂದು ಪೆಟ್ಟಿಗೆ ತರ್ತೀಯೇನಪ್ಪ?"

ಅಪ್ಪನ ಮುಖ ಅರಳಿತು. "ನಾನೂ ಅದನ್ನೇ ಯೋಚಿಸ್ತಿದ್ದೆ."

ಮಗಳು ಹೋಗಿ ಮದುವೆಯ ಬಟ್ಟೆ ಉಟ್ಟು, ಹುಡುಗನನ್ನೂ ಮದುವೆ ನೋಂದಾಯಿಸುವ ಗುಮಾಸ್ತನನ್ನೂ ಕರೆದುಕೊಂಡು ನೆಲಮಾಳಿಗೆಗೆ ಇಳಿದಳು.

"ಈಗ ತೆಗಿಯಪ್ಪ. ಹದ ನೋಡೋದೂ ಮದುವೆನೂ ಒಟ್ಟಿಗೇ ಆಗ್ಲಿ."

ಅಪ್ಪ ಬಿರಡೆ ಎಳೆದು ಒಂದು ಗುಟುಕು ಹಾಕಿಕೊಂಡ. ಬಾಯಿ ತುಂಬ ವೈನ್ ಇದ್ದವನು ಬೇಡವೆನ್ನುವುದಾದರೂ ಹೇಗೆ? ಅವನು ನುಂಗುವಷ್ಟರಲ್ಲಿ ಇಬ್ಬರೂ ರುಜು ಹಾಕಿ ಮುಗಿಸಿದ್ದರು.

"ಇನ್ನೂ ಎಳಸು" ಎಂದ ಅಪ್ಪ.

"ಇರ್ಲಿ ಬಿಡಿ ಮಾವ" ಎಂದ ಅಳಿಯ, ಬೋಳುತಲೆ ಸವರಿಕೊಳ್ಳುತ್ತ. "ನಾನು ಮಾಗಿದ್ದೀನಲ್ಲ."